ಮನೆಯ ತಿಂಡಿ ಸಂತೆಗೆ ಹೋಗುವ ಮುನ್ನ



ನಿಮ್ಮ ತೋಟದ ತೆಂಗಿನಕಾಯಿಯನ್ನು ಚನ್ನರಾಯಪಟ್ಟಣದ ಸಂತೆಗೆ ಒಯ್ದು ಮಾರಿದರೆ ಆಹಾರದ ನೋಂದಣಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅದೇ ಕಾಯಿಯನ್ನು ಕೊಬ್ಬರಿ ಮಾಡಿ, ಮೆಣಸಿನಕಾಯಿ ಸೇರಿಸಿ ಕುಟ್ಟಿ, ಚಟ್ನಿಪುಡಿಯ ಪೊಟ್ಟಣ ಕಟ್ಟಿದಿರೋ, ಆಗ ನೀವು ಆಹಾರ ತಯಾರಕರಾದಿರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ರೈತನ ಕೈಯಲ್ಲಿರುವ ಬೆಳೆಗೆ ಅನ್ವಯಿಸುವುದಿಲ್ಲ. ತಯಾರಿಸಿ ಮಾರುವ ತಿನಿಸಿಗೆ ಅನ್ವಯಿಸುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ರಾಗಿ ಹುರಿಹಿಟ್ಟು ಎಲ್ಲವೂ ಇದರಲ್ಲಿ ಸೇರುತ್ತವೆ.

1. ನೋಂದಣಿ

ಈ ಕಾಯಿದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವವರನ್ನು ಅವು ಚಿಕ್ಕ ತಯಾರಕರೆಂದು ಎಣಿಸಿ, ದೊಡ್ಡ ಪರವಾನಗಿಯ ಬದಲು ಸರಳ ನೋಂದಣಿ ಸಾಕೆಂದವು. ಶುಲ್ಕವನ್ನು ವರ್ಷಕ್ಕೆ 100 ರೂಪಾಯಿ ಎಂದು ಗೊತ್ತುಮಾಡಿದವು. ಈ ಮಿತಿ, ಶುಲ್ಕಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಹಣ ಕಟ್ಟುವ ಮೊದಲು ಆಹಾರ ಸುರಕ್ಷತಾ ಅಧಿಕಾರಿಯನ್ನು ನೀವೇ ಕಂಡು ವಿಚಾರಿಸಿರಿ. ಮಧ್ಯವರ್ತಿಗೆ ಹಣ ತೆರಬೇಡಿ. ಭಾವಚಿತ್ರ, ಗುರುತಿನ ಚೀಟಿ ಜೊತೆಗಿರಲಿ. ನೋಂದಣಿಯಾದ ಮೇಲೆ 14 ಅಂಕಿಗಳ ಸಂಖ್ಯೆಯೊಂದು ದೊರೆಯುತ್ತದೆ. ಅದನ್ನು ಪೊಟ್ಟಣದ ಮೇಲೆ ಅಚ್ಚುಹಾಕಿಸತಕ್ಕದ್ದು.

2. ಅಡಿಗೆಯ ಜಾಗ

ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ತಿಪ್ಪೆ, ಚರಂಡಿ, ಕೊಟ್ಟಿಗೆಗಳು ದೂರವಿರಬೇಕು. ಕೈಯಲ್ಲಿ ಗಾಯವಿದ್ದವರು, ವಾಂತಿ ಭೇದಿಯಾದವರು ಆ ದಿನ ತಯಾರಿಕೆಯಲ್ಲಿ ಕೈಯಿಡಕೂಡದು. ಹಳೆಯ ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟುವ ರೂಢಿಯನ್ನು ಬಿಡಬೇಕು. ಅಚ್ಚಿನ ಮಸಿ ಎಣ್ಣೆಗೆ ಹತ್ತಿ ಹೊಟ್ಟೆಗೆ ಸೇರುತ್ತದೆ. 2018ರ ಪೊಟ್ಟಣ ನಿಯಮಗಳು ಇದನ್ನು ನಿಷೇಧಿಸಿವೆ.

3. ಕೆಡದಂತೆ ಕಾಪಾಡುವುದು

ಹುರಿದ ಪುಡಿಯನ್ನು ಬಿಸಿಯಿರುವಾಗಲೇ ಕಟ್ಟಿದರೆ ಒಳಗೆ ಹಬೆ ನೀರಾಗಿ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಲು ಬಿಡಿ. ಎಣ್ಣೆಯ ಉಪ್ಪಿನಕಾಯಿಯಲ್ಲಿ ಹೋಳುಗಳು ಎಣ್ಣೆಯಲ್ಲಿ ಮುಳುಗಿರಬೇಕು. ಒದ್ದೆ ಸೌಟು ಜಾಡಿಗೆ ಇಳಿಯಕೂಡದು. ಬೂಷ್ಟು ಹಿಡಿದ ಕೊಬ್ಬರಿಯನ್ನೂ ಕಡಲೆಕಾಯಿಯನ್ನೂ ಒರೆಸಿ ಬಳಸುವ ಮನೆಗಳುಂಟು. ಇದು ದೊಡ್ಡ ತಪ್ಪು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಅಂಥದನ್ನು ಎಸೆಯುವುದೇ ಲಾಭ. ಪ್ರತಿ ತಂಡದಿಂದ ಒಂದೆರಡು ಪೊಟ್ಟಣಗಳನ್ನು ಮನೆಯಲ್ಲಿಟ್ಟುಕೊಂಡು ಆಗಾಗ ಬಿಚ್ಚಿ ನೋಡಿದರೆ, ನಿಮ್ಮ ಪದಾರ್ಥ ಎಷ್ಟು ದಿನ ತಾಳುತ್ತದೆಂಬ ಅಂದಾಜು ಸಿಗುತ್ತದೆ.

4. ಪೊಟ್ಟಣದ ಚೀಟಿ

ಚೀಟಿಯಲ್ಲಿ ಮುಖ್ಯವಾಗಿ ಇವು ಇರಬೇಕು: ಪದಾರ್ಥದ ಹೆಸರು, ಸೇರಿಸಿದ ಸಾಮಗ್ರಿಗಳು, ತೂಕದಲ್ಲಿ ಹೆಚ್ಚಿನದು ಮೊದಲು, ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಂಡದ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ನೋಂದಣಿ ಸಂಖ್ಯೆ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಬೊಟ್ಟು. ಇವನ್ನು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರೆಯಬೇಕು. ಜೊತೆಗೆ ಕನ್ನಡದಲ್ಲಿಯೂ ಬರೆಯಬಹುದು, ಬರೆಯುವುದೇ ಲೇಸು. 200 ಗ್ರಾಂ ಎಂದರೆ ಪೊಟ್ಟಣದ ಭಾರ ಬಿಟ್ಟು 200 ಗ್ರಾಂ.

5. ನಮ್ಮೂರಿನ ಗಿರಾಕಿ

ಶ್ರವಣಬೆಳಗೊಳದಲ್ಲಿ ಸಾಮಗ್ರಿಗಳ ಸಾಲಿಗೆ ವಿಶೇಷ ಬೆಲೆಯಿದೆ. ವಿಂಧ್ಯಗಿರಿ ಹತ್ತಿಳಿದು ಬರುವ ಜೈನ ಯಾತ್ರಿಕರಲ್ಲಿ ಅನೇಕರು ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಗಳನ್ನು ಮುಟ್ಟುವುದಿಲ್ಲ. ನಮ್ಮ ಚಟ್ನಿಪುಡಿಗೋ ಬೆಳ್ಳುಳ್ಳಿಯೇ ರುಚಿ. ಹಾಕಿದ್ದನ್ನು ಹಾಕಿಲ್ಲವೆಂದರೆ ಕಾಯಿದೆಗೆ ತಪ್ಪು. ಅದಕ್ಕಿಂತ ಹೆಚ್ಚಾಗಿ, ನಂಬಿ ತಿಂದವರ ವ್ರತ ಕೆಡಿಸಿದಂತೆ. ಬೆಳ್ಳುಳ್ಳಿಯಿಲ್ಲದ ಪುಡಿಯನ್ನು ಬೇರೆಯಾಗಿ ಮಾಡಿ. ಒರಳು, ಸೌಟು, ಡಬ್ಬಗಳೂ ಬೇರೆಯಿರಲಿ. ಒಂದೇ ಒರಳಾದರೆ ಗಿರಾಕಿಗೆ ಮುಚ್ಚಿಡದೆ ಹೇಳಿ. ಒಂದು ಪೊಟ್ಟಣ ಮಾರದೆ ಉಳಿಯಬಹುದು. ನಿಮ್ಮ ಮಾತು ಉಳಿಯುತ್ತದೆ. ಮರುವರ್ಷ ಅದೇ ಯಾತ್ರಿಕರು ನಿಮ್ಮ ಬುಟ್ಟಿಯನ್ನೇ ಹುಡುಕಿಕೊಂಡು ಬರುವುದು ಆ ಮಾತಿಗಾಗಿ.

ಸಂಘದ ಸಭೆಯಲ್ಲಿ ಚರ್ಚಿಸಲು

ಅ) ಹಸಿ ತೆಂಗಿನಕಾಯಿಗೆ ಬೇಡದ ನೋಂದಣಿ ಚಟ್ನಿಪುಡಿಗೆ ಏಕೆ ಬೇಕು?
ಆ) ಬೂಷ್ಟು ಹಿಡಿದ ಕೊಬ್ಬರಿಯನ್ನು ಹುರಿದು ಬಳಸಬಹುದೇ?
ಇ) ನಿಮ್ಮ ಸಂಘದ ಒಂದು ಪದಾರ್ಥವನ್ನು ಆರಿಸಿ, ಅದರ ಚೀಟಿಯನ್ನು ಎಲ್ಲರೂ ಕೂಡಿ ಬರೆಯಿರಿ. ಬಿಟ್ಟುಹೋದುದೇನು?