ಕಮಲಾಪುರದ ವೀರಗಲ್ಲುಗಳು

ಹೊಸಪೇಟೆಯಿಂದ ಹಂಪೆಯ ಕಡೆಗೆ ಸಾಗುವ ಹಾದಿಯಲ್ಲಿ ಕಮಲಾಪುರವೆಂಬ ಊರಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿರುವುದು ಇಲ್ಲಿಯೇ. ಹಾಳಾದ ನಗರದಲ್ಲಿ ಚದುರಿ ಬಿದ್ದಿದ್ದ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಮೊದಲು ಹಂಪೆಯ ಗಜಶಾಲೆಯಲ್ಲಿ ಕೂಡಿಡಿಸಿದ್ದರು. ಆನೆಗಳ ಮನೆಯಲ್ಲಿ ದೇವತೆಗಳು ಬಹುಕಾಲ ವಾಸಿಸಬೇಕಾಯಿತು! 1972ರಲ್ಲಿ ಅವು ಕಮಲಾಪುರದ ಕಟ್ಟಡಕ್ಕೆ ಬಂದವು.

ಒಳಹೊಕ್ಕವರನ್ನು ಮೊದಲು ಎದುರುಗೊಳ್ಳುವವನು ರಾಣಿಯರೊಡನೆ ನಿಂತ ಕೃಷ್ಣದೇವರಾಯ. ಜನ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆದರೆ ಅಂಗಳದಲ್ಲಿರುವ ಹಂಪೆಯ ಮಾದರಿಯನ್ನು ತಾಳ್ಮೆಯಿಂದ ನೋಡಬೇಕು. ಉತ್ತರಕ್ಕೆ ತುಂಗಭದ್ರೆ, ಸುತ್ತಲೂ ಬಂಡೆಗಳ ಗುಡ್ಡಗಳು, ಅವುಗಳ ನಡುವೆ ಹಬ್ಬಿದ ಕೋಟೆಯ ಗೋಡೆಗಳು. ಶತ್ರುವಿನ ಭಯವನ್ನು ಬಲ್ಲವರು ಕಟ್ಟಿದ ನಗರವಿದು. ಸಮೀಪದ ಕಂಪ್ಲಿಯ ಹೆಸರಿನೊಡನೆ ಬೆಸೆದುಕೊಂಡ ಕಂಪಿಲರಾಯನ ರಾಜ್ಯವು 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ತುತ್ತಾಗಿತ್ತು. ಅವನ ಮಗ ಕುಮಾರರಾಮನ ಸಾಹಸವನ್ನು ಸಂಡೂರಿನ ಬೆಟ್ಟಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ಆ ಪತನವಾದ ಹತ್ತು ವರ್ಷಗಳೊಳಗೇ ವಿಜಯನಗರವು ತಲೆಯೆತ್ತಿತು.

ಒಳಗಿನ ಶಾಲೆಗಳಲ್ಲಿ ಆಯುಧಗಳಿವೆ, ತಾಮ್ರಶಾಸನಗಳಿವೆ, ಚಿನ್ನದ ನಾಣ್ಯಗಳಿವೆ. ಉತ್ಖನನದಲ್ಲಿ ದೊರೆತ ಗಾರೆಯ ಗೊಂಬೆಗಳೂ ಚೀನಾದ ಪಿಂಗಾಣಿಯ ಚೂರುಗಳೂ ಇವೆ. ಕತ್ತಿಗಿಂತ ಈ ಚೂರುಗಳೇ ಯುದ್ಧದ ಸಂಗತಿಯನ್ನು ಚೆನ್ನಾಗಿ ತಿಳಿಸುತ್ತವೆ ಎನ್ನಬೇಕು. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಎಂದು ಹೆಸರಾದ ಕಾಳಗ ನಡೆದದ್ದು ಕೃಷ್ಣಾ ನದಿಯ ಬಳಿ, ಇಲ್ಲಿಂದ ನೂರು ಕಿಲೋಮೀಟರಿಗೂ ದೂರದಲ್ಲಿ. ಅಲ್ಲಿ ಅಳಿಯ ರಾಮರಾಯನು ಮಡಿದನು; ಅವನ ತಮ್ಮ ತಿರುಮಲನು ಭಂಡಾರದೊಡನೆ ಪೆನುಗೊಂಡೆಗೆ ತೆರಳಿದನು. ಕಾವಲಿಲ್ಲದೆ ಉಳಿದ ನಗರವು ಸೂರೆಹೋಯಿತು. ಅರಮನೆಗಳ ಮರದ ಮೇಲ್ಕಟ್ಟಡಗಳು ಇಲ್ಲವಾಗಿ ಕಲ್ಲಿನ ಜಗತಿಗಳಷ್ಟೇ ಉಳಿದವು. ಯಾರದೋ ಮನೆಯ ಊಟದ ತಟ್ಟೆ ಹೀಗೆ ಮಣ್ಣುಪಾಲಾಯಿತು.

ಹಂಪಿ ಉತ್ಸವದ ದಿನಗಳಲ್ಲಿ ಈ ಪರಿಸರವೆಲ್ಲ ಜನರಿಂದ ತುಂಬಿರುತ್ತದೆ. ಮೆರವಣಿಗೆ, ವಾದ್ಯ, ಕುಸ್ತಿ, ಧ್ವನಿ-ಬೆಳಕಿನ ದೃಶ್ಯ ಇವೆಲ್ಲ ಹಳೆಯ ಮಹಾನವಮಿಯ ವೈಭವವನ್ನು ನೆನಪಿಗೆ ತರುತ್ತವೆ. ಮಹಾನವಮಿ ದಿಬ್ಬದ ಗೋಡೆಗಳ ಮೇಲೆಯೂ ಜಟ್ಟಿಗಳು, ಕುದುರೆಗಳು, ಬೇಟೆಗಾರರು ಕಾಣುತ್ತಾರಷ್ಟೆ. ನವೆಂಬರಿನ ವಿಶ್ವ ಪರಂಪರೆ ಸಪ್ತಾಹವು ಇಷ್ಟು ಅಬ್ಬರದ್ದಲ್ಲ. ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಅನುಕೂಲವಾದ ಕಾಲ. ವೀರಗಲ್ಲುಗಳ ಮುಂದೆ ಆಗ ನಿಧಾನವಾಗಿ ನಿಲ್ಲಬಹುದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಡೆ ವೀರನು ಹೋರಾಡುತ್ತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲ್ಗಡೆ ಅವನು ಶಿವಲಿಂಗದ ಸನ್ನಿಧಿಯಲ್ಲಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಸತ್ತವರೆಲ್ಲ ರಾಜರಿಗಾಗಿಯೇ ಸತ್ತವರಲ್ಲ. ಕಳ್ಳರು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಮಡಿದವರಿಗೂ ಕಲ್ಲುಗಳುಂಟು. ಆ ಕಾಳಗಕ್ಕೆ ಶಾಸನಗಳಲ್ಲಿ ತುರುಗೋಳ್ ಎಂಬ ಹೆಸರಿದೆ. ಕೆಲವು ಕಲ್ಲುಗಳ ಮೇಲೆ ವೀರನ ಹೆಸರೂ ಊರೂ ಕೆತ್ತಲ್ಪಟ್ಟಿವೆ. ಬರಹವೇ ಇಲ್ಲದ ಕಲ್ಲುಗಳೂ ಅನೇಕ.

ಇವುಗಳ ಜೊತೆಯಲ್ಲಿ ಮಹಾಸತಿ ಕಲ್ಲುಗಳೂ ಇವೆ. ಕಂಬವೊಂದರಿಂದ ಹೊರಚಾಚಿ ಮೇಲಕ್ಕೆ ಮಡಿಚಿದ ಬಳೆ ತೊಟ್ಟ ತೋಳು ಅವುಗಳ ಗುರುತು. ಗಂಡನ ಚಿತೆಯಲ್ಲಿ ಬೆಂದ ಹೆಂಗಸಿನ ತೋಳು ಅದು. ಬಳೆಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿ ಕೆತ್ತಿದ್ದಾನೆ.