ಎಲೆಕ್ಟ್ರಾನ್ ಪುಂಜವಿಲ್ಲದೆ ಮೈಕ್ರೋವೇವ್ ಹುಟ್ಟೀತೇ?

ಪ್ರಶ್ನೆ: ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನ್‌ನಲ್ಲಿ ನಿರ್ವಾತದೊಳಗೆ ಹಾರುವ ಎಲೆಕ್ಟ್ರಾನ್‌ಗಳು ಅಲೆಗಳನ್ನು ಹುಟ್ಟಿಸುತ್ತವೆ ಎಂದು ಓದಿದೆ. ಅಂಥ ಎಲೆಕ್ಟ್ರಾನ್ ಪುಂಜದ ನೆರವಿಲ್ಲದೆ, ಬರಿಯ ವಿದ್ಯುತ್ ಪಲ್ಸ್‌ನಿಂದ ಇಂಥ ಅಲೆಗಳನ್ನು ಪಡೆಯಬಹುದೇ?

ಉತ್ತರ: ಖಂಡಿತ ಪಡೆಯಬಹುದು. ಹೈನ್‌ರಿಚ್ ಹರ್ಟ್ಸ್ 1888ರ ಹೊತ್ತಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರೇಡಿಯೋ ಅಲೆಗಳನ್ನು ತೋರಿಸಿಕೊಟ್ಟದ್ದು ವಿದ್ಯುತ್ ಕಿಡಿಯಿಂದಲೇ. 1890ರ ದಶಕದಲ್ಲಿ ಕೋಲ್ಕತ್ತದ ಜಗದೀಶಚಂದ್ರ ಬೋಸರು ಅದೇ ದಾರಿಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಪಡೆದರು.

ಮೂಲ ತತ್ವ ಇಷ್ಟು: ಒಂದೇ ಸಮನೆ ಹರಿಯುವ ವಿದ್ಯುತ್ತು ಅಲೆಗಳನ್ನು ಸೂಸುವುದಿಲ್ಲ, ಏರಿಳಿಯುವ ವಿದ್ಯುತ್ತು ಸೂಸುತ್ತದೆ. ಏರಿಳಿತ ಎಷ್ಟು ಚುರುಕೋ ಅಲೆಗಳ ಆವರ್ತನವೂ ಅಷ್ಟು ಹೆಚ್ಚು. ಆದರೆ ಕಿಡಿಯ ಶಕ್ತಿ ಹಲವು ಆವರ್ತನಗಳಲ್ಲಿ ಚದುರಿಹೋಗುತ್ತದೆ.

ಈ ಕೊರತೆ ನೀಗುವ ಒಂದು ಸಾಧನ ಫೆರೈಟ್ ಎಂಬ ಕಾಂತೀಯ ವಸ್ತು ತುಂಬಿದ ಕೇಬಲ್. ಕೆಲಸ ಮಾಡುವ ಬಗೆ ಹೀಗೆ:

1. ಫೆರೈಟ್ ಉಂಗುರಗಳನ್ನು ಪೋಣಿಸಿದ ಏಕಾಕ್ಷ ಕೇಬಲ್ಲನ್ನು ಸ್ಥಿರ ಕಾಂತಕ್ಷೇತ್ರದಲ್ಲಿಟ್ಟು, ಅದರೊಳಕ್ಕೆ ಭಾರಿ ವೋಲ್ಟೇಜಿನ ಪಲ್ಸ್ ಕಳಿಸುತ್ತಾರೆ.

2. ಪ್ರವಾಹ ಹೆಚ್ಚಿದಂತೆ ಫೆರೈಟ್‌ನ ಕಾಂತೀಯ ಸ್ಪಂದನೆ ಕುಗ್ಗುತ್ತದೆ. ಹಾಗಾಗಿ ಪಲ್ಸ್‌ನ ಎತ್ತರದ ಭಾಗ ಬೇಗ ಸಾಗಿ, ಮುಂದಿರುವ ತಗ್ಗು ಭಾಗವನ್ನು ಹಿಡಿಯುತ್ತದೆ. ದಡ ಸಮೀಪಿಸಿದ ಕಡಲಿನ ಅಲೆಯಂತೆ ಪಲ್ಸ್‌ನ ಮುಂಭಾಗ ಕಡಿದಾಗುತ್ತದೆ. ನ್ಯಾನೋಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಏರತೊಡಗುತ್ತದೆ.

3. ಆ ಹೊಡೆತಕ್ಕೆ ಫೆರೈಟ್‌ನೊಳಗಿನ ಸೂಕ್ಷ್ಮ ಕಾಂತಗಳು ಓಲಾಡುತ್ತ ಸುತ್ತುತ್ತವೆ. ಅದರಿಂದ ಪಲ್ಸ್‌ನ ಮೇಲೆ ಸುಮಾರು ಗಿಗಾಹರ್ಟ್ಸ್ ಆವರ್ತನದ ಕಂಪನ ಮೂಡುತ್ತದೆ. ಅದನ್ನು ಆಂಟೆನಾ ಹೊರಸೂಸುತ್ತದೆ.

ಇಲ್ಲಿ ಒಂದು ಗೊಂದಲ ಸಹಜ. ಪುಂಜವಿಲ್ಲ ಎಂದರೆ ಎಲೆಕ್ಟ್ರಾನ್‌ಗಳೇ ಇಲ್ಲ ಎಂದಲ್ಲ. ತಂತಿಯಲ್ಲಿ ಹರಿಯುವುದು ಅವೇ. ಆದರೆ ಅವು ಲೋಹವನ್ನು ಬಿಟ್ಟು ನಿರ್ವಾತಕ್ಕೆ ಹಾರುವುದಿಲ್ಲ. ಆದ್ದರಿಂದ ನಿರ್ವಾತ ನಳಿಕೆ ಬೇಡ, ಎಲೆಕ್ಟ್ರಾನ್ ಹೊಮ್ಮಿಸುವ ಕಾಯಿಸಿದ ಕ್ಯಾಥೋಡ್ ಬೇಡ. ವೇಗದ ಪುಂಜ ಗೋಡೆಗೆ ಬಡಿದಾಗ ಹುಟ್ಟುವ ಎಕ್ಸ್-ಕಿರಣಗಳ ಕಾಟವೂ ಇಲ್ಲ. ಕಾಂತಕ್ಷೇತ್ರವನ್ನು ಹೆಚ್ಚುಕಡಿಮೆ ಮಾಡಿ ಆವರ್ತನವನ್ನೂ ಬದಲಿಸಬಹುದು.

ಮಿತಿಯೂ ಇದೆ. ಒಂದು ಪಲ್ಸ್‌ಗೆ ಸಿಗುವುದು ಕೆಲವು ನ್ಯಾನೋಸೆಕೆಂಡುಗಳ ಕಂಪನ ಮಾತ್ರ. ಅಡುಗೆಗೆ ನಿಮಿಷಗಟ್ಟಲೆ ಅಲೆಗಳು ಬೇಕು. ನಿಮ್ಮ ಒಲೆಗೆ ಮ್ಯಾಗ್ನೆಟ್ರಾನ್ ತಕ್ಕದ್ದು. ಕ್ಷಣಮಾತ್ರದ ಪ್ರಬಲ ಅಲೆ ಬೇಕಾದಲ್ಲಿ ಈ ಕೇಬಲ್ ಒಪ್ಪುತ್ತದೆ.