ಕೆಳಗಿನ ಕೋರ್ಟಿನ ಕುರ್ಚಿ ಬಯಸುವ ತಂಗಿಗೆ

ತಂಗೀ,

ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕಾಲತ್ತು ಮಾಡಿರಲೇಬೇಕು ಎಂಬ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನಿನಗೆ ಸಿಟ್ಟು. ನನಗೆ ಅದು ಸರಿಯಾಗಿಯೇ ಕಾಣುತ್ತದೆ.

ಆ ಕುರ್ಚಿಯ ಕೆಲಸ ಎಂಥದ್ದೆಂದು ತಿಳಿಯಲು ಕಿತ್ತೂರನ್ನೇ ನೋಡು. 1824ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಳ್ಳುವ ಮುಂಚೆ ದತ್ತಕ ತೆಗೆದುಕೊಂಡ. ಆ ದತ್ತಕ ಖರೆಯೋ, ಪತ್ರದ ಸಹಿ ಅವನದೇ ಹೌದೋ? ಇಂಥ ತಕರಾರು ಇವತ್ತಿಗೂ ಬೈಲಹೊಂಗಲದ ಕೋರ್ಟಿಗೆ ಬರುವಂಥದ್ದೇ. ಆಗ ಅದನ್ನು ತೀರ್ಮಾನಿಸಲು ಹೊರಟವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ದತ್ತಕ ಬಿದ್ದರೆ ಸಂಸ್ಥಾನ ಸೇರುವುದು ಅವನ ಈಸ್ಟ್ ಇಂಡಿಯಾ ಕಂಪನಿಗೇ! ಪಕ್ಷಗಾರನೇ ಪೀಠ ಏರಿದ. ಮುಂದಿನ ಯುದ್ಧದ ಕಥೆ ನಿನಗೆ ಗೊತ್ತು. ಅದನ್ನು ಹಾಡುವವರು ಬಹಳ, ಅದರ ಬುಡದಲ್ಲಿದ್ದ ದಾವೆಯನ್ನು ನೆನೆಯುವವರಿಲ್ಲ. ಎರಡೂ ಕಡೆ ಲಾಭವಿಲ್ಲದ ಒಬ್ಬರು ಅಲ್ಲಿ ಕೂತು ಸಾಕ್ಷಿ ಕೇಳಬೇಕಿತ್ತು. ನೀನು ಬಯಸುತ್ತಿರುವುದು ಆ ಕೆಲಸ.

ನಮ್ಮ ಕಡೆಯ ದಾವೆಗಳೆಂದರೆ ವಾಟ್ನಿ ಅಂದರೆ ಆಸ್ತಿಯ ಪಾಲು, ಬದುವಿನ ಜಗಳ, ಹೊಲಕ್ಕೆ ಹೋಗುವ ಹಾದಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿವೆ. ಆದರೂ ಅಣ್ಣನ ವಕೀಲ ಹಕ್ಕುಬಿಟ್ಟ ಪತ್ರ ತೋರಿಸಿ "ಸಹಿ ನಿಮ್ಮದೇ ಹೌದಲ್ಲವಾ?" ಎಂದಾಗ, ತಂಗಿಯಾದವಳು "ಹೌದ್ರಿ" ಅನ್ನುವ ಮುಂಚೆ ಒಮ್ಮೆ ಅಣ್ಣನ ಮುಖ ನೋಡುತ್ತಾಳೆ. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋದರೂ ಅಲ್ಲಿಗೆ ತಲುಪುವುದು "ಹೌದು" ಮಾತ್ರ. ಆ ನೋಟವನ್ನು ಕಂಡದ್ದು ಕೆಳಗಿನ ಜಡ್ಜ್ ಒಬ್ಬರೇ. ಸಾಕ್ಷಿಯ ವರ್ತನೆ ಬರೆದಿಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶ, 12ನೇ ನಿಯಮದಲ್ಲಿ ಅವಕಾಶವಿದೆ. ಬಳಸುವವರನ್ನು ನಾನು ಕಂಡದ್ದು ಅಪರೂಪ. ದಿನದ ಕೇಸುಗಳ ಬೋರ್ಡು ಅಷ್ಟುದ್ದ ಇರುವಾಗ ಯಾರನ್ನು ದೂರಲಿ?

ಎಲ್ಲಮ್ಮನ ಸವದತ್ತಿಯದು ಇನ್ನೂ ಬಿಗಿಯಾದ ಗಂಟು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಅದರಲ್ಲಿ ಹೆತ್ತವರೇ ಸಮರ್ಪಿಸಿದರೆ ಶಿಕ್ಷೆ ಹೆಚ್ಚಿತ್ತು. ಹಾಗಾದರೆ ಸಮರ್ಪಣೆಯ ಗುರುತಾಗಿ ಮುತ್ತು ಕಟ್ಟಿದ್ದಕ್ಕೆ ಸಾಕ್ಷಿ ನುಡಿಯುವವರು ಯಾರು? ಮಗಳು ತಾಯಿಯ ವಿರುದ್ಧವೇ ಕಟಕಟೆ ಹತ್ತಬೇಕು. ಅಲ್ಲಿ ಅವಳು ಸುಮ್ಮನೆ ನಿಂತರೆ ಆ ಮೌನವನ್ನು ಏನೆಂದು ಓದಬೇಕು? ಕೋಚಿಂಗ್ ಕ್ಲಾಸಿನ ನೋಟ್ಸಿನಲ್ಲಿ ಇದಕ್ಕೆ ಉತ್ತರವಿಲ್ಲ; ಕೋರ್ಟಿನಲ್ಲಿ ಕೂತೇ ಕಲಿಯಬೇಕು.

ತೀರ್ಪು ಹೇಳಿದ ಆ ಮೂರು ವರ್ಷ ವಕೀಲರ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ. ತಡ ಮಾಡಬೇಡ, ಹೆಸರು ಹಚ್ಚು. ಬೆಂಗಳೂರಿನ ದೊಡ್ಡ ಆಫೀಸಿನ ಆಸೆ ಬಿಡು. ಬೈಲಹೊಂಗಲದಲ್ಲೋ ರಾಮದುರ್ಗದಲ್ಲೋ, ರೈತರು ಹೊಲದ ಉತಾರ ಹಿಡಿದು ಬಂದು ಕೂರುವ ಸೀನಿಯರ್ ಒಬ್ಬರನ್ನು ಹುಡುಕು. ವಾದ ಮಾಡುವ ಅವಸರ ಬೇಡ. ಪಾಟೀಸವಾಲು ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು, ವಕೀಲರನ್ನು ಬಿಟ್ಟು ಸಾಕ್ಷಿಯನ್ನು ನೋಡು. ಸಂಜೆ ನೋಟ್‌ಬುಕ್ಕಿನ ಒಂದು ಬದಿಗೆ ಅವರು ಹೇಳಿದ್ದು, ಇನ್ನೊಂದು ಬದಿಗೆ ನೀನು ಕಂಡದ್ದು ಬರೆ. ಸೀನಿಯರ್‌ಗೆ ಮಾತ್ರ ತೋರಿಸಬೇಡ, ನಗುತ್ತಾರೆ.

ಇಂತಿ,
ಬೈಲಹೊಂಗಲದ ಒಬ್ಬ ಹಳೆಯ ವಕೀಲ